ವಿಶ್ವವಿದ್ಯಾನಿಲಯದ ಹೊಸ್ತಿಲಲ್ಲಿ: ವಿಜ್ಞಾನ, ಇಂಜಿನಿಯರಿಂಗ್ ಮತ್ತು ಗಣಿತ ವ್ಯಾಸಂಗದ ಮಾರ್ಗಗಳು

ಪುಣೆ ನಗರದ ದಕ್ಷಿಣ ಭಾಗದಲ್ಲಿರುವ ಕೊಂಢವಾ ಮೂಲತಃ ಎರಡು ಹಳ್ಳಿಗಳ ಹೆಸರು. ಒಂದು ಕೊಂಢವಾ ಖುರ್ದ, ಮತ್ತೊಂದು ಕೊಂಢವಾ ಬುದ್ರುಕ. ಖುರ್ದ ಎಂದರೆ ಚಿಕ್ಕದು, ಬುದ್ರುಕ ಎಂದರೆ ದೊಡ್ಡದು. ಬೆಳಗಾವಿಯ ಬಳಿಯ ಕಂಗ್ರಾಳಿ ಕೆ.ಎಚ್., ಕಂಗ್ರಾಳಿ ಬಿ.ಕೆ. ಎಂಬ ಊರುಗಳನ್ನು ಬಲ್ಲ ಕನ್ನಡಿಗರಿಗೆ ಈ ಬಗೆಯ ಹೆಸರುಗಳು ಹೊಸತಲ್ಲ. ಈ ಶತಮಾನದ ಆರಂಭದಿಂದ ಕೊಂಢವಾ ಪರಿಸರದಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ತಲೆಯೆತ್ತಿವೆ. 2002ರಲ್ಲಿ ಇಲ್ಲಿ ವಿಶ್ವಕರ್ಮ ಮಾಹಿತಿ ತಂತ್ರಜ್ಞಾನ ಸಂಸ್ಥೆ ಆರಂಭವಾಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮೊದಲಾದ ಗಡಿಭಾಗಗಳಿಂದಲೂ, ವಿಜಯಪುರ, ಕಲಬುರಗಿ, ಬೆಳಗಾವಿ ಜಿಲ್ಲೆಗಳಿಂದಲೂ ವ್ಯಾಸಂಗಕ್ಕಾಗಿ ಪುಣೆಗೆ ಬರುವ ಕನ್ನಡ ವಿದ್ಯಾರ್ಥಿಗಳಿಗೆ ಈ ನಗರ ಮನೆಗೆ ಸಮೀಪದ ದೊಡ್ಡ ವಿದ್ಯಾಕೇಂದ್ರವಾಗಿದೆ.

ಹೀಗೆ ಬರುವ ವಿದ್ಯಾರ್ಥಿಯು ಸಾಮಾನ್ಯವಾಗಿ ಒಂದು ಶಾಖೆಯ ಹೆಸರನ್ನು ಹಿಡಿದು ಬರುತ್ತಾನೆ. ಕಂಪ್ಯೂಟರ್, ಮೆಕ್ಯಾನಿಕಲ್, ಸಿವಿಲ್, ಭೌತವಿಜ್ಞಾನ ಅಥವಾ ಗಣಿತ ಎಂಬ ಈ ಹೆಸರನ್ನು ಆರಿಸಿಕೊಟ್ಟಿರುವುದು ಹಲವು ವೇಳೆ ಪರೀಕ್ಷೆಯ ಅಂಕ, ಬಂಧುಗಳ ಸಲಹೆ ಅಥವಾ ಉದ್ಯೋಗದ ನಿರೀಕ್ಷೆ. ಆ ಹೆಸರಿನ ಹಿಂದೆ ಯಾವ ಬಗೆಯ ಕೆಲಸವಿದೆ ಎಂಬುದು ತರಗತಿಗಳು ಆರಂಭವಾದ ಮೇಲೆಯೇ ಅರಿವಿಗೆ ಬರುತ್ತದೆ. ಈ ಅರಿವನ್ನು ಮೊದಲ ವರ್ಷದಲ್ಲಿಯೇ ಹೇಗೆ ಪಡೆಯಬಹುದು, ಆಯ್ಕೆಯನ್ನು ಬದಲಿಸಲು ಯಾವ ಯಾವ ಹಂತಗಳಲ್ಲಿ ಅವಕಾಶ ಉಳಿದಿರುತ್ತದೆ ಎಂಬ ಎರಡು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಅಣೆಕಟ್ಟು, ಮೂರು ಪ್ರಶ್ನೆಗಳು

ವಿಜ್ಞಾನ, ಇಂಜಿನಿಯರಿಂಗ್ ಮತ್ತು ಗಣಿತಗಳ ನಡುವಣ ವ್ಯತ್ಯಾಸವನ್ನು ವ್ಯಾಖ್ಯೆಗಳಿಂದ ತಿಳಿಯುವುದಕ್ಕಿಂತ ಒಂದು ಉದಾಹರಣೆಯಿಂದ ತಿಳಿಯುವುದು ಸುಲಭ. ಪುಣೆಯ ನೈಋತ್ಯಕ್ಕೆ ಮುಠಾ ನದಿಗೆ ಅಡ್ಡಲಾಗಿ ಕಟ್ಟಿರುವ ಖಡಕವಾಸಲಾ ಜಲಾಶಯವನ್ನೇ ತೆಗೆದುಕೊಳ್ಳಬಹುದು. ನಗರಕ್ಕೆ ಕುಡಿಯುವ ನೀರನ್ನು ಒದಗಿಸುವ ಜಲಾಶಯಗಳಲ್ಲಿ ಇದೂ ಒಂದು.

ಅಣೆಕಟ್ಟಿನ ಮುಂದೆ ನಿಂತ ವಿಜ್ಞಾನದ ವಿದ್ಯಾರ್ಥಿಯು ಕೇಳುವುದು ‘ಇದು ಏಕೆ ಹೀಗೆ?’ ಎಂಬ ಪ್ರಶ್ನೆಯನ್ನು. ಆಳಕ್ಕೆ ಹೋದಂತೆ ನೀರಿನ ಒತ್ತಡ ಏಕೆ ಹೆಚ್ಚುತ್ತದೆ? ಸಹ್ಯಾದ್ರಿಯ ಒಂದು ಪಾರ್ಶ್ವದಲ್ಲಿ ಧಾರಾಕಾರವಾಗಿ ಸುರಿಯುವ ಮಳೆ ಪೂರ್ವಕ್ಕೆ ಸರಿದಂತೆ ಏಕೆ ಕ್ಷೀಣಿಸುತ್ತದೆ? ಮಣ್ಣಿನ ಏರಿಯೊಳಗೆ ನೀರು ಹೇಗೆ ಜಿನುಗುತ್ತದೆ? ಉತ್ತರ ದೊರಕಲು ಅಳತೆ, ಪ್ರಯೋಗ ಹಾಗೂ ವೀಕ್ಷಣೆಗಳು ಬೇಕು.

ಗಣಿತದ ವಿದ್ಯಾರ್ಥಿಯು ಕೇಳುವುದು ‘ಇದರಿಂದ ಖಚಿತವಾಗಿ ಏನು ಸಿದ್ಧವಾಗುತ್ತದೆ?’ ಎಂದು. ಒಂದು ಘನ ಮೀಟರ್ ನೀರು ಸುಮಾರು ಒಂದು ಟನ್ ತೂಗುತ್ತದೆ. ಆದುದರಿಂದ 10 ಮೀಟರ್ ಆಳದ ನೀರಿನ ತಳದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಭಾರದಷ್ಟು ಒತ್ತಡವಿರುತ್ತದೆ. ಮೇಲ್ಮೈಯಲ್ಲಿ ಅದು ಶೂನ್ಯ, ಸರಾಸರಿ 5 ಟನ್. ಒಂದು ಮೀಟರ್ ಅಗಲ, 10 ಮೀಟರ್ ಎತ್ತರದ ಗೋಡೆಯ ಪಟ್ಟಿಯ ವಿಸ್ತಾರ 10 ಚದರ ಮೀಟರ್. ಅದರ ಮೇಲೆ ಬೀಳುವ ಒಟ್ಟು ಬಲ 50 ಟನ್ ಭಾರಕ್ಕೆ ಸಮ. ಈಗ ನೀರಿನ ಆಳ 20 ಮೀಟರಿಗೆ ಏರಿತೆಂದು ಭಾವಿಸೋಣ. ಸರಾಸರಿ ಒತ್ತಡ 10 ಟನ್, ವಿಸ್ತಾರ 20 ಚದರ ಮೀಟರ್, ಒಟ್ಟು ಬಲ 200 ಟನ್. ಆಳ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಜಲಾಶಯದ ನೀರು ಹಿಂದಕ್ಕೆ ಒಂದು ಕಿಲೋಮೀಟರ್ ಹರಡಿದ್ದರೂ ಹತ್ತು ಕಿಲೋಮೀಟರ್ ಹರಡಿದ್ದರೂ ನಿಂತ ನೀರಿನ ಈ ಲೆಕ್ಕ ಬದಲಾಗುವುದಿಲ್ಲ. ಅದು ಆಳವನ್ನು ಮಾತ್ರ ಅವಲಂಬಿಸಿದೆ. ಪದವಿಯ ಮೊದಲ ವರ್ಷದಲ್ಲಿ ಕಲಿಸುವ ಅನುಕಲನವು ಇಂತಹ ಲೆಕ್ಕವನ್ನು ಯಾವ ಆಕಾರದ ಗೋಡೆಗೇ ಆಗಲಿ ವಿಸ್ತರಿಸುವ ಸಾಧನ.

ಇಂಜಿನಿಯರಿಂಗ್ ವಿದ್ಯಾರ್ಥಿಯ ಪ್ರಶ್ನೆ ಬೇರೆ: ‘ಇದನ್ನು ಸುರಕ್ಷಿತವಾಗಿ, ದೊರೆಯುವ ಸಾಮಗ್ರಿಯಿಂದ, ನಿಗದಿತ ವೆಚ್ಚದಲ್ಲಿ, ನಿಗದಿತ ಕಾಲದಲ್ಲಿ ಹೇಗೆ ನಿರ್ಮಿಸುವುದು?’ ಮಳೆ ಎಷ್ಟು ಬೀಳುವುದೆಂದು ಪೂರ್ಣವಾಗಿ ತಿಳಿದಿಲ್ಲ. ಕಲ್ಲು, ಗಾರೆ, ಉಕ್ಕುಗಳು ಒಂದೇ ಸಮನಾಗಿರುವುದಿಲ್ಲ. ಹೀಗಿದ್ದರೂ ನಿರ್ಧಾರ ಕೈಗೊಳ್ಳಲೇಬೇಕು, ಕೈಗೊಂಡ ನಿರ್ಧಾರಕ್ಕೆ ಹೊಣೆಯಾಗಬೇಕು.

ಈ ಹೊಣೆ ಎಷ್ಟು ಗುರುತರವಾದುದು ಎಂಬುದನ್ನು ಪುಣೆ ನಗರ 1961ರ ಜುಲೈ 12ರಂದು ಕಂಡಿತು. ಖಡಕವಾಸಲಾದ ಮೇಲ್ಭಾಗದಲ್ಲಿ, ಮುಠಾ ನದಿಯ ಉಪನದಿಯಾದ ಅಂಬಿಗೆ ಕಟ್ಟಲಾಗುತ್ತಿದ್ದ ಪಾನಶೇತ್ ಅಣೆಕಟ್ಟು ಅಂದು ಒಡೆಯಿತು. ಕಾಮಗಾರಿ ಸಂಪೂರ್ಣವಾಗಿ ಮುಗಿಯುವ ಮೊದಲೇ ಅದರಲ್ಲಿ ಮಳೆಗಾಲದ ನೀರು ನಿಂತಿತ್ತು. ಅಲ್ಲಿಂದ ನುಗ್ಗಿದ ನೀರಿಗೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಒಡೆದು, ನಗರದ ನದೀತೀರದ ಪೇಟೆಗಳು ಜಲಾವೃತವಾದವು. ಅಪಾರ ಪ್ರಾಣಹಾನಿ ಹಾಗೂ ಆಸ್ತಿನಷ್ಟ ಸಂಭವಿಸಿತು. ಲೆಕ್ಕ, ಸಾಮಗ್ರಿ, ಕಾಲಾವಧಿ ಇವುಗಳಲ್ಲಿ ಒಂದನ್ನು ಬಿಟ್ಟು ಮತ್ತೊಂದನ್ನು ಸಾಧಿಸಲಾಗದು ಎಂಬುದನ್ನು ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿಯು ಈ ದುರಂತದಿಂದ ಕಲಿಯಬೇಕಾಗಿದೆ.

ಗಣಿತದ ಸ್ಥಾನ

ಮೇಲಿನ ಉದಾಹರಣೆಯಲ್ಲಿ ಗಣಿತವು ಉಳಿದೆರಡಕ್ಕೂ ಸಾಧನವಾಗಿ ಕಾಣುತ್ತದೆ. ಇದರಿಂದ ಗಣಿತವೆಂದರೆ ಲೆಕ್ಕ ಮಾಡುವ ಸಾಧನ ಮಾತ್ರ ಎಂಬ ಅಭಿಪ್ರಾಯ ಮೂಡಬಾರದು. ಅದು ಸ್ವತಂತ್ರವಾದ ವ್ಯಾಸಂಗ ಕ್ಷೇತ್ರ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ನಾಸಿಕದ ಸಮೀಪದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ.ರಾ. ಕಾಪ್ರೇಕರ್ ಅವರ (1905–1986) ಶೋಧನೆಯೊಂದನ್ನು ಕಾಗದ ಪೆನ್ಸಿಲುಗಳಷ್ಟೇ ಇರುವ ಯಾರೂ ಪರೀಕ್ಷಿಸಬಹುದು.

ನಾಲ್ಕು ಅಂಕಿಗಳ ಒಂದು ಸಂಖ್ಯೆಯನ್ನು ಬರೆದುಕೊಳ್ಳಬೇಕು. ಅದರ ಎಲ್ಲ ಅಂಕಿಗಳೂ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಬೇಕು. ಉದಾಹರಣೆಗೆ 3524ನ್ನು ಆರಿಸಿದರೆ, 5432ರಿಂದ 2345ನ್ನು ಕಳೆದಾಗ 3087 ಬರುತ್ತದೆ. ಮತ್ತೆ ಹಾಗೆಯೇ 8730ರಿಂದ 0378ನ್ನು ಕಳೆದರೆ 8352. ಮತ್ತೊಮ್ಮೆ 8532ರಿಂದ 2358ನ್ನು ಕಳೆದರೆ 6174. ಇಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 6174 ಮಾತ್ರ ಉಳಿಯುತ್ತದೆ. ಯಾವ ಸಂಖ್ಯೆಯಿಂದ ಆರಂಭಿಸಿದರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಇದೇ ಸಂಖ್ಯೆ ದೊರೆಯುತ್ತದೆ.

ಈ ವಿಷಯವನ್ನು ಓದಿದಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಯೇ ಆತನ ಒಲವಿನ ಸೂಚನೆಯಾಗಬಲ್ಲದು. ಹತ್ತಾರು ಸಂಖ್ಯೆಗಳನ್ನು ತೆಗೆದುಕೊಂಡು ಪರೀಕ್ಷಿಸಿ ನೋಡಬೇಕೆನಿಸಿದರೆ ಅದು ಪ್ರಯೋಗಶೀಲ ಮನೋಧರ್ಮ. ಎಲ್ಲ ಸಂಖ್ಯೆಗಳನ್ನೂ ತಾನಾಗಿ ಪರೀಕ್ಷಿಸುವ ಕಂಪ್ಯೂಟರ್ ಕ್ರಮವಿಧಿಯನ್ನು ಬರೆಯಬೇಕೆನಿಸಿದರೆ ಅದು ಇಂಜಿನಿಯರಿಂಗ್ ಮನೋಧರ್ಮ. ಏಕೆ ಹೀಗಾಗುತ್ತದೆ, ಐದು ಅಂಕಿಗಳ ಸಂಖ್ಯೆಗೂ ಇದು ಅನ್ವಯಿಸುವುದೇ ಎಂಬ ಸಾಧನೆಯಿಲ್ಲದೆ ಸಮಾಧಾನವಾಗದಿದ್ದರೆ ಅದು ಗಣಿತದ ಮನೋಧರ್ಮ. ಮೂರೂ ಒಬ್ಬರಲ್ಲಿಯೇ ಇರುವುದೂ ಉಂಟು.

ವಿಶ್ವೇಶ್ವರಯ್ಯನವರ ವ್ಯಾಸಂಗಕ್ರಮ

ಪುಣೆಗೆ ಬಂದು ಇಂಜಿನಿಯರಿಂಗ್ ಓದಿದ ಕನ್ನಡಿಗರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಚಿರಸ್ಮರಣೀಯ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಇಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತದೆ. ಆದರೆ ಅವರು ಇಂಜಿನಿಯರಿಂಗ್ ಶಿಕ್ಷಣಕ್ಕೆ ಬಂದ ದಾರಿಯು ಇಂದಿನ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿದಿಲ್ಲ.

ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಮೊದಲು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1881ರಲ್ಲಿ ಬಿ.ಎ. ಪದವಿ ಪಡೆದರು. ಅನಂತರ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಸಿವಿಲ್ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇವೆಗೆ ಸೇರಿದರು. ಅಂದರೆ ಸಾಮಾನ್ಯ ಪದವಿಯ ನಂತರ ವೃತ್ತಿಶಿಕ್ಷಣಕ್ಕೆ ತಿರುಗಿದವರು ಅವರು.

ಖಡಕವಾಸಲಾದಲ್ಲಿ 1903ರಲ್ಲಿ ಅಳವಡಿಸಲಾದ ಸ್ವಯಂಚಾಲಿತ ದ್ವಾರಗಳು ಅವರ ಕಲ್ಪನೆಯ ಫಲ. ನೀರು ನಿಗದಿತ ಮಟ್ಟವನ್ನು ಮೀರಿದಾಗ ತಾವಾಗಿ ತೆರೆದುಕೊಂಡು ಪ್ರವಾಹವನ್ನು ಹೊರಬಿಡುವುದು, ಮಟ್ಟ ಇಳಿದಾಗ ಮುಚ್ಚಿಕೊಳ್ಳುವುದು ಈ ದ್ವಾರಗಳ ಗುಣ. ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡಲು ಇದರಿಂದ ಸಾಧ್ಯವಾಯಿತು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿಯೂ ಮೈಸೂರಿನ ಕೃಷ್ಣರಾಜಸಾಗರದಲ್ಲಿಯೂ ಇದೇ ಬಗೆಯ ದ್ವಾರಗಳನ್ನು ಅಳವಡಿಸಲಾಯಿತು. ನೀರಿನ ಮಟ್ಟ ಏರಿದಂತೆ ಬಲ ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕದ ಮೇಲೆಯೇ ಇಂತಹ ದ್ವಾರದ ಸಮತೋಲ ನಿಂತಿರುತ್ತದೆ.

ಅವರು ಓದಿದ ವಿದ್ಯಾಲಯದ ಚರಿತ್ರೆಯೂ ಗಮನಾರ್ಹವಾದುದು. ಲೋಕೋಪಯೋಗಿ ಇಲಾಖೆಗೆ ಕೆಳದರ್ಜೆಯ ಸಿಬ್ಬಂದಿಯನ್ನು ತರಬೇತುಗೊಳಿಸಲು 1854ರಲ್ಲಿ ಆರಂಭವಾದ ಶಾಲೆ ಮುಂದೆ ವಿಜ್ಞಾನ ಕಾಲೇಜಾಗಿ, ಅನಂತರ ಇಂಜಿನಿಯರಿಂಗ್ ಕಾಲೇಜಾಗಿ ಬೆಳೆಯಿತು. 2022ರಲ್ಲಿ ಅದು ಸಿ.ಓ.ಇ.ಪಿ. ತಾಂತ್ರಿಕ ವಿಶ್ವವಿದ್ಯಾನಿಲಯವಾಯಿತು.

ಇಂದಿನ ಮಾರ್ಗಗಳು

ಹನ್ನೆರಡನೆಯ ತರಗತಿ ಅಥವಾ ದ್ವಿತೀಯ ಪಿ.ಯು.ಸಿ. ನಂತರ ಈ ಕ್ಷೇತ್ರಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ವ್ಯಾಸಂಗಗಳು ಲಭ್ಯವಿವೆ.

ಮೊದಲನೆಯದು ಬಿ.ಎಸ್‌ಸಿ. ಪದವಿ. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಅನ್ವಯ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಮೂರು ವರ್ಷಗಳ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷಗಳ ಆನರ್ಸ್ ಪದವಿಗೆ 160 ಕ್ರೆಡಿಟ್ ನಿಗದಿಯಾಗಿವೆ. ಆದರೆ ರಾಜ್ಯದಿಂದ ರಾಜ್ಯಕ್ಕೆ ಪದ್ಧತಿ ಭಿನ್ನವಾಗಿದೆ. ಕರ್ನಾಟಕ ಸರ್ಕಾರವು 2021–22ರಲ್ಲಿ ನಾಲ್ಕು ವರ್ಷಗಳ ಪದ್ಧತಿಯನ್ನು ಜಾರಿಗೆ ತಂದು, 2024–25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ಎರಡು ರಾಜ್ಯಗಳ ನಡುವೆ ಸ್ಥಳಾಂತರ ಬಯಸುವ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರುವುದು ಅವಶ್ಯ.

ಎರಡನೆಯದು ಬಿ.ಇ. ಅಥವಾ ಬಿ.ಟೆಕ್. ಪದವಿ. ಇದು ನಾಲ್ಕು ವರ್ಷಗಳ ವೃತ್ತಿಶಿಕ್ಷಣ. ಶಾಖೆ ಯಾವುದೇ ಇರಲಿ, ಮೊದಲ ವರ್ಷದಲ್ಲಿ ಸಾಮಾನ್ಯವಾಗಿ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ, ಕಂಪ್ಯೂಟರ್ ಕ್ರಮವಿಧಿ, ಇಂಜಿನಿಯರಿಂಗ್ ಡ್ರಾಯಿಂಗ್ ಮತ್ತು ವರ್ಕ್‌ಶಾಪ್ ಅಭ್ಯಾಸಗಳಿರುತ್ತವೆ.

ಮೂರನೆಯದು ಸಂಶೋಧನೆಯತ್ತ ಒಯ್ಯುವ ವಿಜ್ಞಾನ ಪದವಿಗಳು. ಪುಣೆಯ ಪಾಷಾಣದಲ್ಲಿ 2006ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ, ಅಂದರೆ ಐಸರ್, ಐದು ವರ್ಷಗಳ ಬಿ.ಎಸ್.–ಎಂ.ಎಸ್. ವ್ಯಾಸಂಗವನ್ನು ನಡೆಸುತ್ತದೆ. ಆರಂಭದ ಹಂತದಲ್ಲಿ ವಿದ್ಯಾರ್ಥಿಯು ಹಲವು ವಿಜ್ಞಾನಗಳನ್ನು ಒಟ್ಟಿಗೆ ಓದಿ, ಅನಂತರ ತನ್ನ ವಿಷಯವನ್ನು ಆರಿಸಿಕೊಳ್ಳುವುದು ಇದರ ವೈಶಿಷ್ಟ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಿಂದ ನಾಲ್ಕು ವರ್ಷಗಳ ವಿಜ್ಞಾನ ಪದವಿಯನ್ನೂ, 2022ರಿಂದ ಗಣಿತ ಮತ್ತು ಕಂಪ್ಯೂಟಿಂಗ್ ವಿಷಯದಲ್ಲಿ ಬಿ.ಟೆಕ್. ಪದವಿಯನ್ನೂ ನೀಡುತ್ತಿದೆ.

ನಾಲ್ಕನೆಯದು ಗಣಿತಕ್ಕೇ ಮೀಸಲಾದ ವ್ಯಾಸಂಗ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದ ಬಿ.ಮ್ಯಾಥ್. ಪದವಿಯು ಇದಕ್ಕೆ ಉದಾಹರಣೆ.

ಈ ಸಂಸ್ಥೆಗಳ ಪ್ರವೇಶ ಪ್ರಕ್ರಿಯೆಗಳು ಬೇರೆ ಬೇರೆ. ಒಂದರ ಅರ್ಜಿ ಮತ್ತೊಂದಕ್ಕೆ ಸಲ್ಲುವುದಿಲ್ಲ. ಮಹಾರಾಷ್ಟ್ರದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳಿಗೆ ಆ ರಾಜ್ಯದ ಸಿ.ಇ.ಟಿ. ಹಾಗೂ ವಾಸ್ತವ್ಯದ ನಿಯಮಗಳು ಅನ್ವಯವಾಗುತ್ತವೆ. ಅಖಿಲ ಭಾರತ ಸೀಟುಗಳಿಗೆ ಜೆ.ಇ.ಇ. ಮೇನ್ ಪರೀಕ್ಷೆಯ ಅಂಕಗಳನ್ನು ಪರಿಗಣಿಸಲಾಗುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಮೊದಲಾದ ಗಡಿ ತಾಲ್ಲೂಕುಗಳ ಕನ್ನಡಿಗ ವಿದ್ಯಾರ್ಥಿಗಳಿಗೆ ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡು ಕನ್ನಡಿಗರೆಂಬ ನಿಯಮದಡಿ ಅರ್ಹತೆ ಪಡೆಯುವ ಅವಕಾಶವಿದೆ. ಇದಕ್ಕೆ ನಿಗದಿತ ಪ್ರಮಾಣಪತ್ರಗಳು ಅವಶ್ಯಕ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ನೋಡಿ ಇವನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು.

ತೆರೆದಿರುವ ಮತ್ತು ಮುಚ್ಚಿರುವ ಬಾಗಿಲುಗಳು

ಒಮ್ಮೆ ಆರಿಸಿದ ವಿಷಯವನ್ನು ಜೀವನಪರ್ಯಂತ ಬದಲಿಸಲಾಗದು ಎಂಬ ಭಾವನೆ ವ್ಯಾಪಕವಾಗಿದೆ. ಎಲ್ಲ ಸಂದರ್ಭಗಳಲ್ಲಿಯೂ ಬದಲಿಸಬಹುದು ಎಂಬ ಭರವಸೆಯೂ ಅಷ್ಟೇ ತಪ್ಪು. ವಸ್ತುಸ್ಥಿತಿ ಇವೆರಡರ ನಡುವೆ ಇದೆ.

ಹೆಚ್ಚು ಬಾಗಿಲುಗಳು ಮುಚ್ಚುವುದು ಪದವಿಯಲ್ಲಲ್ಲ, ಅದಕ್ಕೆ ಎರಡು ವರ್ಷ ಮೊದಲು. ಹನ್ನೊಂದನೆಯ ತರಗತಿಯಲ್ಲಿ ಗಣಿತವನ್ನು ಕೈಬಿಟ್ಟ ವಿದ್ಯಾರ್ಥಿಗೆ ಹೆಚ್ಚಿನ ಇಂಜಿನಿಯರಿಂಗ್ ಶಾಖೆಗಳು, ಭೌತವಿಜ್ಞಾನ ಮತ್ತು ಗಣಿತ ಪದವಿಗಳು ದೂರವಾಗುತ್ತವೆ. ಆದುದರಿಂದ ಒಲವು ಇನ್ನೂ ಸ್ಪಷ್ಟವಾಗಿಲ್ಲದ ವಿದ್ಯಾರ್ಥಿಯು ಆ ಹಂತದಲ್ಲಿ ಗಣಿತವನ್ನು ಉಳಿಸಿಕೊಳ್ಳುವುದು ಲೇಸು.

ಇಂಜಿನಿಯರಿಂಗ್ ಸೀಟು ದೊರೆಯದೆ ಬಿ.ಎಸ್‌ಸಿ. ಸೇರಿದವರಿಗೆ ಆ ದಾರಿ ಮುಚ್ಚಿತೆಂದಲ್ಲ. ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿ, ಬಿ.ಎಸ್‌ಸಿ.ಯಲ್ಲಿ ನಿಗದಿತ ಅಂಕಗಳೊಡನೆ ತೇರ್ಗಡೆಯಾದವರು ಲ್ಯಾಟರಲ್ ಎಂಟ್ರಿಯ ಮೂಲಕ ಬಿ.ಇ. ದ್ವಿತೀಯ ವರ್ಷಕ್ಕೆ ಸೇರಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮಗಳಲ್ಲಿ ಅವಕಾಶವಿದೆ. ಡಿಪ್ಲೊಮಾ ಮುಗಿಸಿದವರಿಗೂ ಈ ಅವಕಾಶವುಂಟು. ವಿಜ್ಞಾನದಲ್ಲಿಯೇ ಮುಂದುವರಿಯಬಯಸುವವರು ಜಾಮ್ ಪರೀಕ್ಷೆಯ ಮೂಲಕ ಐ.ಐ.ಟಿ. ಮೊದಲಾದ ಸಂಸ್ಥೆಗಳಲ್ಲಿ ಎಂ.ಎಸ್‌ಸಿ. ವ್ಯಾಸಂಗ ಮಾಡಬಹುದು.

ಇಂಜಿನಿಯರಿಂಗಿನಲ್ಲಿಯೇ ಒಂದು ಶಾಖೆಯಿಂದ ಮತ್ತೊಂದಕ್ಕೆ ಹೋಗಲು ಕೆಲವು ಕಾಲೇಜುಗಳಲ್ಲಿ ಮೊದಲ ವರ್ಷದ ಕೊನೆಯಲ್ಲಿ ಅವಕಾಶವಿರುತ್ತದೆ. ಅದು ಖಾಲಿ ಸೀಟು ಮತ್ತು ಅಂಕಗಳನ್ನು ಅವಲಂಬಿಸಿರುವುದರಿಂದ, ಅದನ್ನೇ ನಂಬಿ ಇಷ್ಟವಿಲ್ಲದ ಶಾಖೆಗೆ ಸೇರುವುದು ಸೂಕ್ತವಲ್ಲ.

ವ್ಯಾಸಂಗ ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೆ, 2022ರ ಚೌಕಟ್ಟನ್ನು ಅನುಸರಿಸುವ ಸಂಸ್ಥೆಗಳಲ್ಲಿ ನಿಗದಿತ ಕ್ರೆಡಿಟ್‌ಗಳನ್ನು ಪೂರೈಸಿದವರಿಗೆ ಒಂದು ವರ್ಷದ ನಂತರ ಪ್ರಮಾಣಪತ್ರವನ್ನೂ ಎರಡು ವರ್ಷಗಳ ನಂತರ ಡಿಪ್ಲೊಮಾವನ್ನೂ ನೀಡಲು ಅವಕಾಶವಿದೆ. ಗಳಿಸಿದ ಕ್ರೆಡಿಟ್‌ಗಳನ್ನು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯಲ್ಲಿ ಜಮಾ ಇಡಲಾಗುತ್ತದೆ. ಕಾಲೇಜು ಬದಲಿಸುವ ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ತಡೆಹಿಡಿಯಬಾರದೆಂದು ಧನಸಹಾಯ ಆಯೋಗವು ಸೂಚಿಸಿದೆ. ಶುಲ್ಕ ಮರುಪಾವತಿಯ ಕೊನೆಯ ದಿನಾಂಕಗಳನ್ನು ಪ್ರವೇಶ ಪಡೆಯುವ ದಿನವೇ ಬರೆದಿಟ್ಟುಕೊಳ್ಳುವುದು ವಿವೇಕದ ಕ್ರಮ.

ಮೊದಲ ವರ್ಷದಲ್ಲಿ ಪರೀಕ್ಷಿಸಿಕೊಳ್ಳಬೇಕಾದುದು

ತರಗತಿಯ ಬೋಧನೆಯಲ್ಲಿ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆಗಳ ಪಾಠ. ಪ್ರಯೋಗಾಲಯದಲ್ಲಿ ಅದೇ ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕೆಲಸ ಬೇಕು. ಸೆಮಿಸ್ಟರಿಗೆ 20 ಕ್ರೆಡಿಟ್‌ಗಳಾದರೆ ವಾರಕ್ಕೆ ಕನಿಷ್ಠ 20 ಗಂಟೆ ತರಗತಿಯಲ್ಲಿಯೇ ಕಳೆಯುತ್ತದೆ. ಪಿ.ಯು.ಸಿ.ಯಲ್ಲಿ ವರ್ಷವಿಡೀ ಹರಡಿದ್ದ ಪಾಠಗಳು ಇಲ್ಲಿ ನಾಲ್ಕು ತಿಂಗಳುಗಳಲ್ಲಿ ಮುಗಿಯುತ್ತವೆ. ಮೊದಲ ಸೆಮಿಸ್ಟರಿನಲ್ಲಿ ಅಂಕಗಳು ಕುಸಿಯಲು ಈ ವೇಗವೂ ಒಂದು ಮುಖ್ಯ ಕಾರಣ. ಆದುದರಿಂದ ಒಂದು ಪರೀಕ್ಷೆಯ ಫಲಿತಾಂಶದಿಂದಲೇ ವಿಷಯ ತನಗೆ ಒಗ್ಗದು ಎಂದು ತೀರ್ಮಾನಿಸಬಾರದು.

ಅಂಕಗಳಿಗಿಂತ ನಂಬಲರ್ಹವಾದ ಕೆಲವು ಸೂಚನೆಗಳಿವೆ. ಉತ್ತರ ದೊರೆತ ಮೇಲೂ ಅದು ಏಕೆ ಸರಿ ಎಂದು ತಿಳಿಯುವ ತವಕವಿದೆಯೇ? ಪ್ರಯೋಗದಲ್ಲಿ ನಿರೀಕ್ಷಿಸಿದ ಅಳತೆ ಬಾರದಿದ್ದಾಗ, ಪಕ್ಕದವರ ಅಂಕಿಗಳನ್ನು ನಕಲು ಮಾಡದೆ ಮತ್ತೆ ಅಳೆಯುವ ತಾಳ್ಮೆಯಿದೆಯೇ? ವರ್ಕ್‌ಶಾಪಿನಲ್ಲಿ ಕೈಯಾರೆ ಮಾಡಿದ ಜೋಡಣೆ ಸರಿಹೊಂದದಾಗ ಅದನ್ನು ತಿದ್ದುವುದರಲ್ಲಿ ಹೊತ್ತು ಹೋದುದೇ ತಿಳಿಯದೆ? ಅಪೂರ್ಣ ಮಾಹಿತಿಯೊಡನೆ ನಿರ್ಧಾರ ಕೈಗೊಳ್ಳುವುದು ಹಿತವೆನಿಸುವುದೇ, ಇಲ್ಲವೇ ಕಳವಳ ತರುವುದೇ? ಒಂದು ಸೆಮಿಸ್ಟರ್ ಕಾಲ ಈ ಪ್ರಶ್ನೆಗಳಿಗೆ ಉತ್ತರಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟ ವಿದ್ಯಾರ್ಥಿಗೆ ತನ್ನ ಒಲವು ಎತ್ತ ಇದೆಯೆಂದು ತಿಳಿಯಲು ಬೇರೆಯವರನ್ನು ಕೇಳುವ ಅಗತ್ಯ ಕಡಿಮೆಯಾಗುತ್ತದೆ.

ಮಹಾರಾಷ್ಟ್ರದ ಕಾಲೇಜುಗಳಲ್ಲಿ ಕೆಲವು ವಿಷಯಗಳಲ್ಲಿ ಅನುತ್ತೀರ್ಣರಾದರೂ ಮುಂದಿನ ವರ್ಷಕ್ಕೆ ಹೋಗಲು ಬಿಡುವ ಕ್ರಮಕ್ಕೆ ಎ.ಟಿ.ಕೆ.ಟಿ. ಎಂಬ ಹೆಸರು ರೂಢಿಯಲ್ಲಿದೆ. ಇದು ನೆರವಾಗಲೆಂದು ಇರುವ ನಿಯಮ. ಆದರೆ ಮೊದಲ ವರ್ಷದ ಗಣಿತವನ್ನು ಹೀಗೆ ಬಾಕಿ ಉಳಿಸಿಕೊಂಡು ಹೋದವರಿಗೆ, ಅದೇ ಗಣಿತವನ್ನು ಆಧರಿಸಿದ ಮುಂದಿನ ವರ್ಷದ ವಿಷಯಗಳೂ ಕಠಿಣವಾಗುತ್ತವೆ. ಬಾಕಿ ಉಳಿದ ವಿಷಯಗಳಲ್ಲಿ ಗಣಿತವನ್ನು ಮೊದಲು ತೀರಿಸುವುದು ಉತ್ತಮ.

ಭಾಷೆಯ ತೊಡಕು

ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಪದವಿ ತರಗತಿಯಲ್ಲಿ ಇಂಗ್ಲಿಷ್ ಪರಿಭಾಷೆ, ಪುಣೆಯಂತಹ ಊರಿನಲ್ಲಿ ಅದರೊಡನೆ ಮರಾಠಿ ವ್ಯವಹಾರ, ಹೀಗೆ ಎರಡು ಹೊರೆಗಳು ಒಟ್ಟಿಗೆ ಬೀಳುತ್ತವೆ. ಪಾಠ ತಿಳಿಯದಿರುವುದಕ್ಕೂ ಪದ ತಿಳಿಯದಿರುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸದೆ, ತನಗೆ ಬುದ್ಧಿ ಸಾಲದೆಂದು ಕೊರಗುವವರೂ ಉಂಟು. ವೇಗೋತ್ಕರ್ಷ, ಅನುಕಲನ, ಮಾತೃಕೆ, ಸಂಭವನೀಯತೆ ಎಂಬ ಪದಗಳ ಮೂಲಕ ಕಲಿತ ಪರಿಕಲ್ಪನೆಗಳು ಪದ ಬದಲಾದೊಡನೆ ಅಳಿಯುವುದಿಲ್ಲ. ಒಂದು ಪುಟದ ಎಡಭಾಗದಲ್ಲಿ ಕನ್ನಡದ ಪದ, ಬಲಭಾಗದಲ್ಲಿ ತರಗತಿಯ ಪದ, ಕೆಳಗೆ ಒಂದು ಸಣ್ಣ ಲೆಕ್ಕ, ಹೀಗೆ ಬರೆದಿಡುವ ಅಭ್ಯಾಸ ಮೊದಲ ಎರಡು ತಿಂಗಳುಗಳಲ್ಲಿ ಬಹಳ ಉಪಯುಕ್ತ. ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅನುಮತಿ ನೀಡಿತು. ಪರಿಷತ್ತು ಪಠ್ಯಪುಸ್ತಕಗಳನ್ನು ಭಾರತೀಯ ಭಾಷೆಗಳಿಗೆ ತರುವ ಕಾರ್ಯವನ್ನೂ ಕೈಗೊಂಡಿದೆ.

ತರಗತಿಯ ಹೊರಗೆ

ಪುಣೆಯಲ್ಲಿ ಓದುವವರಿಗೆ ತರಗತಿಯ ಹೊರಗೂ ಕಲಿಯುವ ತಾಣಗಳಿವೆ. ನಗರದ ಉತ್ತರಕ್ಕೆ ನಾರಾಯಣಗಾಂವದ ಬಳಿಯ ಖೊಡದದಲ್ಲಿರುವ ಬೃಹತ್ ಮೀಟರ್ ತರಂಗ ರೇಡಿಯೋ ದೂರದರ್ಶಕವು ಅವುಗಳಲ್ಲೊಂದು. ವಿಜ್ಞಾನಿ ಗೋವಿಂದ ಸ್ವರೂಪ್ (1929–2020) ಅವರ ನೇತೃತ್ವದಲ್ಲಿ ನಿರ್ಮಾಣವಾದ ಇದರಲ್ಲಿ ತಲಾ 45 ಮೀಟರ್ ವ್ಯಾಸದ 30 ಆಂಟೆನಾಗಳಿವೆ. 14 ಆಂಟೆನಾಗಳು ಮಧ್ಯಭಾಗದಲ್ಲಿ ಒತ್ತಾಗಿಯೂ, ಉಳಿದ 16 ಮೂರು ತೋಳುಗಳಂತೆ ದೂರಕ್ಕೂ ಹರಡಿವೆ. ಬ್ರಹ್ಮಾಂಡದಿಂದ ಬರುವ ರೇಡಿಯೋ ತರಂಗಗಳ ಅರ್ಥವೇನು ಎಂಬುದು ವಿಜ್ಞಾನದ ಪ್ರಶ್ನೆ. ಅಷ್ಟು ದೊಡ್ಡ ಆಂಟೆನಾ ಗಾಳಿಗೆ ಬೀಳದಂತೆ, ವೆಚ್ಚವೂ ಮಿತಿಮೀರದಂತೆ ತೆಳುವಾದ ಉಕ್ಕಿನ ತಂತಿಗಳ ಜಾಲರಿಯಿಂದ ಅದನ್ನು ರಚಿಸಿದ್ದು ಇಂಜಿನಿಯರಿಂಗ್ ಸಾಧನೆ. 30 ಆಂಟೆನಾಗಳನ್ನು ಎರಡೆರಡಾಗಿ ಜೋಡಿಸಿದರೆ 435 ಜೋಡಿಗಳಾಗುತ್ತವೆ. ಆ ಎಲ್ಲ ಜೋಡಿಗಳ ಸಂಕೇತಗಳಿಂದ ಒಂದೇ ಚಿತ್ರವನ್ನು ರೂಪಿಸುವುದು ಗಣಿತದ ಕಾರ್ಯ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಸಂದರ್ಭದಲ್ಲಿ ಇಲ್ಲಿ ಸಾರ್ವಜನಿಕರಿಗಾಗಿ ಪ್ರದರ್ಶನ ಏರ್ಪಡಿಸುವ ಪರಿಪಾಠವಿದೆ.

ಗಣಿತಾಸಕ್ತರಿಗೆ, ಪ್ರೊ. ಶ್ರೀರಾಮ ಅಭ್ಯಂಕರ್ ಅವರು 1976ರಲ್ಲಿ ಸ್ಥಾಪಿಸಿದ ಭಾಸ್ಕರಾಚಾರ್ಯ ಪ್ರತಿಷ್ಠಾನ ಪುಣೆಯಲ್ಲಿದೆ. ಪುಣೆಯಲ್ಲಿಲ್ಲದವರೂ ನಿರಾಶರಾಗಬೇಕಿಲ್ಲ. 2017ರಲ್ಲಿ ಆರಂಭವಾದ ಸ್ವಯಂ ವೇದಿಕೆಯ ಮೂಲಕ ಐ.ಐ.ಟಿ. ಪ್ರಾಧ್ಯಾಪಕರ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವವರಿಗೆ ಮಾತ್ರ ಶುಲ್ಕವಿದೆ. ಸೇರಲಿರುವ ಅಥವಾ ಬದಲಿಸಲಿರುವ ವಿಷಯದ ಒಂದು ಪಾಠಮಾಲಿಕೆಯನ್ನು ಮೊದಲೇ ಕೇಳಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಪೋಷಕರ ಪಾತ್ರ

ಸಾಲ ಮಾಡಿ ಅಥವಾ ಜಮೀನು ಅಡವಿಟ್ಟು ಮಗನನ್ನೋ ಮಗಳನ್ನೋ ಪರಸ್ಥಳಕ್ಕೆ ಕಳುಹಿಸಿದ ಕುಟುಂಬಕ್ಕೆ ವಿಷಯ ಬದಲಾವಣೆಯ ಮಾತು ಆಘಾತವನ್ನುಂಟುಮಾಡುವುದು ಸಹಜ. ಆದುದರಿಂದಲೇ ಈ ಮಾತುಕತೆಯು ಮೊದಲ ವರ್ಷದಲ್ಲಿಯೇ ನಡೆಯುವುದು ಹಿತಕರ. ಮೊದಲ ವರ್ಷದ ಕೊನೆಯಲ್ಲಿ ಬದಲಿಸಿದರೆ ನಷ್ಟವಾಗುವುದು ಹೆಚ್ಚೆಂದರೆ ಒಂದು ವರ್ಷ ಮತ್ತು ಅದರ ವೆಚ್ಚ. ಮೂರನೆಯ ವರ್ಷದವರೆಗೆ ಮನಸ್ಸಿನಲ್ಲಿಯೇ ಅದುಮಿಟ್ಟರೆ ನಷ್ಟ ಮೂರು ಪಾಲು, ಉಳಿದಿರುವ ಮಾರ್ಗಗಳೂ ಕಡಿಮೆ. ಮನೆಯವರು ಅಂಕಗಳನ್ನು ವಿಚಾರಿಸುವುದರ ಜೊತೆಗೆ ಈ ವಾರ ಏನು ಕಲಿತೆ, ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ವಿಚಾರಿಸಿದರೆ, ಹೇಳಲು ಹಿಂಜರಿಯುವ ವಿದ್ಯಾರ್ಥಿಗೂ ಬಾಯಿ ಬರುತ್ತದೆ.

ಖಿನ್ನತೆ, ನಿದ್ರಾಹೀನತೆ, ಊಟದಲ್ಲಿ ನಿರಾಸಕ್ತಿ ಮುಂತಾದವು ಕಂಡುಬಂದಲ್ಲಿ ವಿಷಯದ ಆಯ್ಕೆಗಿಂತ ಆರೋಗ್ಯಕ್ಕೆ ಮೊದಲ ಗಮನ ಸಲ್ಲಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯಲ್ಲಿ ಶುಲ್ಕವಿಲ್ಲದೆ ಸಂಪರ್ಕಿಸಬಹುದು.

ವಿಜ್ಞಾನ, ಇಂಜಿನಿಯರಿಂಗ್, ಗಣಿತ ಇವು ಪರಸ್ಪರ ನೆರವಾಗುವ ಮೂರು ವಿದ್ಯೆಗಳು. ಒಂದರಲ್ಲಿ ಶ್ರದ್ಧೆಯಿಂದ ಕಲಿತದ್ದು ಮತ್ತೊಂದರಲ್ಲಿ ಉಪಯೋಗಕ್ಕೆ ಬರುತ್ತದೆ. ಹೊಸದಾಗಿ ಪ್ರವೇಶ ಪಡೆದ ವಿದ್ಯಾರ್ಥಿಯು ಮೊದಲ ವರ್ಷದಲ್ಲಿ ಗಣಿತದ ಬುನಾದಿಯನ್ನು ಭದ್ರಪಡಿಸಿಕೊಂಡು, ತನ್ನ ಒಲವನ್ನು ಪರೀಕ್ಷಿಸಿ, ನಿಯಮಗಳನ್ನು ಓದಿ ತಿಳಿದು ನಿರ್ಧರಿಸಿದರೆ, ಉಳಿದ ವರ್ಷಗಳ ವ್ಯಾಸಂಗವು ಫಲಪ್ರದವಾಗುತ್ತದೆ.